ಮನೇಲಿ ಕೇಳಿ ಹೇಳ್ತೀವಿ ಎಂದು ಹೋದವರಿಗೆ

ಇವರಿಂದ: ಒಂದು ನಾಯಿಗೆ ಅನ್ನ ಹಾಕಿ ಏಳು ನಾಯಿಗಳ ಯಜಮಾನನಾದವನು, ಚಿತ್ರದುರ್ಗ.

ಇವರಿಗೆ: ನಾಯಿಮರಿ ನೋಡಲು ಬಂದು, ಟೀ ಕುಡಿದು, ಮರಿ ಬಿಟ್ಟುಹೋದ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಸಮಸ್ತ ಮಹನೀಯರು.

ವಿಷಯ: ಉಳಿದುಕೊಂಡಿರುವ ಎರಡು ಹೆಣ್ಣು ಮರಿಗಳ ಕುರಿತು.

ಉಲ್ಲೇಖ: ತಮ್ಮ ಮೌಖಿಕ ಭರವಸೆಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಯಾರೋ ಬಿಟ್ಟುಹೋದ ಲಚ್ಚಿ ಎಂಬ ನಾಯಿ ತುಂಬಿದ ಹೊಟ್ಟೆಯಲ್ಲಿ ನಮ್ಮ ಬೀದಿಗೆ ಬಂದು, ನಮ್ಮ ಮೆಟ್ಟಿಲ ಕೆಳಗೆ ಆರು ಮರಿ ಹಾಕಿದಳು. ಮೂರು ಗಂಡು, ಮೂರು ಹೆಣ್ಣು. ಲಚ್ಚಿ ಇಷ್ಟು ನೇರ್ಪಾಗಿ ಪಾಲು ಮಾಡಿದ್ದರೂ ಊರಿನ ಲೆಕ್ಕ ಬೇರೆಯೇ ಇತ್ತು. ಗಂಡು ಮರಿಗಳು ಕಣ್ಣು ಬಿಡುವ ಮೊದಲೇ ಬುಕ್ ಆದವು. ಒಬ್ಬರಂತೂ ಅಡ್ವಾನ್ಸ್ ಕೊಡಲು ಜೇಬಿಗೇ ಕೈ ಹಾಕಿದರು. ಹೆಣ್ಣುಗಳಲ್ಲಿ ಒಂದು ಹೋಯಿತು, ಅದು ಹೇಗೆಂಬುದನ್ನು ಮುಂದೆ ಅರಿಕೆ ಮಾಡುತ್ತೇನೆ. ಉಳಿದವರು ಚುಕ್ಕಿ ಮತ್ತು ಕೆಂಪಿ. ಇವರನ್ನು ನೋಡಿದ ತಾವೆಲ್ಲರೂ ಹೊಸಿಲಾಚೆ ಚಪ್ಪಲಿ ಮೆಟ್ಟುತ್ತ ಒಂದೇ ಮಾತು ಹೇಳಿದಿರಿ: "ಮನೇಲಿ ಕೇಳಿ ಹೇಳ್ತೀವಿ." ನಮ್ಮ ಜಿಲ್ಲೆಯ ಮನೆಗಳಲ್ಲಿ ಇಷ್ಟೊಂದು ಪ್ರಜಾಪ್ರಭುತ್ವ ಇದೆಯೆಂದು ನನಗೆ ತಿಳಿದಿರಲಿಲ್ಲ.

ತಾವು ಬಂದದ್ದು ಮರಿ ನೋಡಲಿಕ್ಕಾದರೂ ನಡೆದದ್ದು ಹೆಣ್ಣು ನೋಡುವ ಶಾಸ್ತ್ರ. ಬಣ್ಣ ಒಂಚೂರು ಕಪ್ಪಾಯಿತು ಎಂದಿರಿ. ಮೂತಿ ಉದ್ದವಾಯಿತು ಎಂದಿರಿ. ಕಿವಿ ನಿಲ್ಲುತ್ತದೋ ಜೋಲುತ್ತದೋ ಎಂದು ವಿಚಾರಿಸಿ, ನಿಲ್ಲುತ್ತದೆ ಎಂದರೆ ಜೋಲಬೇಕಿತ್ತು, ಜೋಲುತ್ತದೆ ಎಂದರೆ ನಿಲ್ಲಬೇಕಿತ್ತು ಎಂದಿರಿ. ತಂದೆ ಯಾರು ಎಂದೂ ಕೇಳಿದಿರಿ. ಆ ಬಗ್ಗೆ ಲಚ್ಚಿ ಮೌನ ವಹಿಸಿದ್ದಾಳೆ, ನಮ್ಮ ಬೀದಿಯ ಗಂಡುನಾಯಿಗಳೂ ಅದೇ ನಿಲುವು ತಳೆದಿವೆ. ಒಬ್ಬರು ಕನ್ನಡಕ ಏರಿಸಿ ಕಾಲುಗುರುಗಳನ್ನು ಎಣಿಸಿದರು. ಹೊಸದುರ್ಗದ ಕಡೆಯ ಹಿರಿಯರೊಬ್ಬರು ಕೆಂಪಿಯನ್ನು ಕುತ್ತಿಗೆಯ ಚರ್ಮ ಹಿಡಿದು ಮೇಲೆತ್ತಿ, "ಕುಂಯ್ ಅಂತು, ಅಂಜುಬುರುಕಿ" ಎಂದು ತೀರ್ಪು ಕೊಟ್ಟರು. ಅವರನ್ನು ಯಾರಾದರೂ ಹಾಗೆ ಎತ್ತಿದ್ದರೆ ಎಷ್ಟು ಶೌರ್ಯದಿಂದ ಸುಮ್ಮನಿರುತ್ತಿದ್ದರೋ ಕಾಣೆ.

ಹೊಸ ಬಡಾವಣೆಯ ತಾಯಿಯೊಬ್ಬರ ಬೇಡಿಕೆ ಸರಳವಾಗಿತ್ತು. ಕೂದಲು ಉದುರಬಾರದು, ಹೊರಗೆ ಮಾಡಿಸಲು ಕರೆದೊಯ್ಯುವಂತಿರಬಾರದು, ಬೊಗಳಬಾರದು, ಕಳ್ಳ ಬಂದರೆ ಮಾತ್ರ ಬೊಗಳಬೇಕು. ಅಮ್ಮಾ, ಅಂಥದ್ದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅದಕ್ಕೆ ಕಾಲಿಂಗ್ ಬೆಲ್ ಎನ್ನುತ್ತಾರೆ. ಮಗನ ಹುಟ್ಟುಹಬ್ಬಕ್ಕೆ ಮರಿ ಕೊಡಿಸಲು ಬಂದಿದ್ದ ತಂದೆಯೊಬ್ಬರು ಮಾತ್ರ, "ಸ್ಕೂಲ್ ಶುರುವಾದ್ಮೇಲೆ ವಾಪಸ್ ತಗೋತೀರಾ?" ಎಂದು ಮುಂಚಿತವಾಗಿಯೇ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೇಳದೆ ಬಿಟ್ಟುಬರುವವರ ನಡುವೆ ಕೇಳಿ ಬಿಡುವವರು ಒಂದು ಮೆಟ್ಟಿಲು ಮೇಲೆ.

ಮರಿ ಪುಕ್ಕಟೆ ಎಂದದ್ದೇ ನನ್ನ ದೊಡ್ಡ ಅಪರಾಧವಾಯಿತು. "ಪುಕ್ಕಟೆನಾ? ಹಂಗಾದ್ರೆ ಏನೋ ಐಬಿರ್ಬೇಕು" ಎಂದು ತಾವು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. ಸ್ವಾಮಿ, ದುಡ್ಡಿಗೆ ಮಾರಲು ನಾನು ವ್ಯಾಪಾರಿಯಲ್ಲ, ನಾಯಿ ತಳಿ ಮಾಡಿ ಮಾರುವವರಿಗೆ 2017ರಿಂದ ಕೇಂದ್ರದ ನಿಯಮವಿದೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಂಟು ವಾರ ಎಂಬುದು ಸುಮ್ಮನೆ ಬರೆದ ಗಡುವಲ್ಲ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬ ಪಾಠವನ್ನು ಮರಿಗಳು ಕಲಿಯುವುದು ಆ ವಾರಗಳಲ್ಲಿ, ತಾಯಿಯ ಬಳಿ, ಒಡಹುಟ್ಟಿದವುಗಳ ಕಿವಿ ಕಚ್ಚಿ ತಾವೂ ಕಚ್ಚಿಸಿಕೊಂಡು. ತಿಂಗಳ ಮರಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ, ಆಮೇಲೆ "ಕೈ ಕಚ್ತದೆ ಸಾರ್" ಎಂದು ಫೋನ್ ಮಾಡುವವರು ಇದನ್ನು ಗಮನಿಸಬೇಕಾಗಿ ವಿನಂತಿ.

ಇನ್ನು ಜಾತಿಯ ವಿಚಾರ. "ಯಾವ ಜಾತಿ?" ಎಂಬ ಪ್ರಶ್ನೆಯನ್ನು ಟೀ ಬರುವ ಮೊದಲೇ ಕೇಳದವರು ತಮ್ಮಲ್ಲಿ ಒಬ್ಬರೂ ಇಲ್ಲ. ಜಾತಿಗೊಂದು ಮಠವಿರುವ ಊರಿನಲ್ಲಿ ಇದು ಸಹಜವೇ. ನಾಟಿ ಎಂದ ಕೂಡಲೇ ತಮ್ಮ ಮುಖ ಸಣ್ಣದಾಯಿತು. ಆದರೆ ನಾಟಿ ನಾಯಿಯ ಗುಣಗಾನದಲ್ಲಿ ನಾವು ಯಾರಿಗೂ ಕಮ್ಮಿಯಿಲ್ಲ. ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ದೇಸಿ ನಾಯಿ ಸಾಕಿ ಎಂದು ಕರೆ ಕೊಟ್ಟು ಮುಧೋಳದ ಹೆಸರು ಹೇಳಿದಾಗ ನಮ್ಮ ಎದೆಯೂ ಉಬ್ಬಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಇಷ್ಟೆಲ್ಲ ಹೆಮ್ಮೆಪಟ್ಟು ನಾವು ಮನೆಗೆ ತರುವುದು ಯಾವುದನ್ನು? ಸೈಬೀರಿಯಾದ ಹಿಮದಲ್ಲಿ ಸ್ಲೆಡ್ಜ್ ಎಳೆಯಬೇಕಾದ ಹಸ್ಕಿಯನ್ನು. ಹಿರಿಯೂರಿನ ಏಪ್ರಿಲ್ ಬಿಸಿಲಿನಲ್ಲಿ ಅದು ಫ್ರಿಜ್ಜಿನ ಬಾಗಿಲಿಗೆ ಬೆನ್ನು ಹಚ್ಚಿ ಮಲಗಿರುತ್ತದೆ. ಅದರ ತಿಂಗಳ ಕರೆಂಟ್ ಬಿಲ್ಲಿನಲ್ಲಿ ಚುಕ್ಕಿ, ಕೆಂಪಿ ಇಬ್ಬರೂ ವರ್ಷವಿಡೀ ಮುದ್ದೆ, ಮೊಟ್ಟೆ ಉಂಡಾರು.

ನಿಜವಾದ ಅಡ್ಡಿ ಬಣ್ಣವೂ ಅಲ್ಲ, ಜಾತಿಯೂ ಅಲ್ಲ ಎಂದು ನನಗೆ ಗೊತ್ತಿದೆ. ಹೊಳಲ್ಕೆರೆಯ ಅಡಿಕೆ ತೋಟದವರೊಬ್ಬರು ಅದನ್ನು ಬಾಯಿಬಿಟ್ಟು ಹೇಳಿದರು.

"ಮೋಟ್ರು ಕೇಬಲ್ ಕಳ್ರ ಕಾಟ ಜಾಸ್ತಿ ಆಗೈತೆ. ಗಂಡು ಐತೇನ್ರಿ?"

"ಹೆಣ್ಣೂ ಬೊಗಳ್ತೈತಲ್ಲ ಗೌಡ್ರೆ?"

"ಬೊಗಳ್ತೈತೆ ಬಿಡ್ರಿ. ಬೆದೆಗೆ ಬಂದ್ರೆ ಊರ ನಾಯೆಲ್ಲ ತೋಟದಾಗಿರ್ತಾವೆ. ಆಮೇಲೆ ಆರು ಮರಿ. ಅವನ್ನ ಯಾರಿಗೆ ಕೊಡಾನ?"

ಗೌಡರ ಮಾತಿನಲ್ಲಿ ಸುಳ್ಳಿಲ್ಲ. ಹೆಣ್ಣು ನಾಯಿ ವರ್ಷ ತುಂಬುವ ಹೊತ್ತಿಗೆ ಬೆದೆಗೆ ಬರುತ್ತದೆ, ಎರಡು ತಿಂಗಳಿಗೆ ಈಯುತ್ತದೆ. ಆದರೆ ಈ ಸಮಸ್ಯೆಗೆ ಪರಿಹಾರ ಕಂಡುಹಿಡಿದು ಬಹಳ ಕಾಲವಾಯಿತು. ಆರು ತಿಂಗಳು ತುಂಬಿದ ಮೇಲೆ ಪಶುವೈದ್ಯರ ಮೇಜಿನ ಮೇಲೆ ಒಂದು ಸಂತಾನಹರಣ ಶಸ್ತ್ರಚಿಕಿತ್ಸೆ, ಹತ್ತು ಹನ್ನೆರಡು ದಿನದ ಆರೈಕೆ, ಅಲ್ಲಿಗೆ ಬೆದೆಯೂ ಇಲ್ಲ, ಊರ ನಾಯಿಗಳ ಮೆರವಣಿಗೆಯೂ ಇಲ್ಲ. ಉಳಿಯುವುದು ಬೊಗಳುವ ನಾಯಿ ಮಾತ್ರ, ಗೌಡರಿಗೆ ಬೇಕಾಗಿದ್ದದ್ದೂ ಅಷ್ಟೇ. ಆ ಖರ್ಚು ಯಾರು ಮಾಡುವುದು ಎಂದು ಹಿಂದೆ ಸರಿದವರೆಲ್ಲ ಸೇರಿ ಲಚ್ಚಿಯನ್ನು ಸೃಷ್ಟಿಸಿದ್ದಾರೆ. ಅವಳೂ ಯಾವುದೋ ಮನೆಯ ಮೆಟ್ಟಿಲ ಕೆಳಗೆ ಕೊನೆಗೆ ಉಳಿದ ಹೆಣ್ಣು ಮರಿಯೇ ಆಗಿದ್ದಿರಬೇಕು.

ಮರಿ ಒಯ್ಯದಿದ್ದರೂ ತಾವು ಸಲಹೆ ಕೊಡದೆ ಹೋಗಲಿಲ್ಲ. ಅವು ಮುಖ್ಯವಾಗಿ ಮೂರು. ಒಂದು: "ಹೈವೇ ಡಾಬಾ ಹತ್ರ ಬಿಡ್ರಿ, ಅನ್ನಕ್ಕೇನ್ ಕಮ್ಮಿ." ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಅನ್ನಕ್ಕೆ ಕಮ್ಮಿಯಿಲ್ಲ ನಿಜ, ಲಾರಿಗೂ ಕಮ್ಮಿಯಿಲ್ಲ. ಎರಡು: "ಕೋಟೆ ಬಾಗ್ಲಲ್ಲಿ ಬಿಡ್ರಿ, ಟೂರಿಸ್ಟ್‌ಗಳು ಬಿಸ್ಕೆಟ್ ಹಾಕ್ತಾರೆ." ಏಳು ಸುತ್ತಿನ ಕೋಟೆ ಕಟ್ಟಿದವರು ಹೈದರಾಲಿಯನ್ನು ತಡೆಯಲು ಹೆಣಗಿದರೇ ಹೊರತು, ನಾವು ಸಾಕಲಾರದ ಮರಿಗಳಿಗೆ ವಸತಿ ಯೋಜನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಮೂರನೆಯದೇ ತಮಗೆಲ್ಲ ಬಹಳ ಪ್ರಿಯವಾದದ್ದು: "ಜೋಗಿಮಟ್ಟಿ ರೋಡಲ್ಲಿ ಬಿಟ್ಬಿಡ್ರಿ. ಕಾಡು, ತಂಪು, ಆರಾಮಾಗಿರ್ತಾವೆ."

ಜೋಗಿಮಟ್ಟಿ ತಂಪೇ. ನಮ್ಮ ಬರದ ಜಿಲ್ಲೆಯಲ್ಲಿ ಮಂಜು ಕಾಣಬೇಕೆಂದರೆ ಅಲ್ಲಿಗೇ ಹತ್ತಬೇಕು. ಆದರೆ ಅದು 2015ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಕಾಡು. ಅಲ್ಲಿ ಚಿರತೆಯಿದೆ, ಕರಡಿಯಿದೆ. ಹಾಲು ಬಿಟ್ಟು ಅಂಬಲಿಗೆ ಬಂದಿರುವ ಎರಡು ತಿಂಗಳ ಮರಿ ಅಲ್ಲಿ ಏನು ಬೇಟೆಯಾಡೀತು? ಬೇಟೆಯಾಗಬಲ್ಲದು, ಅಷ್ಟೇ. ಹೋಗಲಿ, ಚಿರತೆಗಾದರೂ ಉಪಕಾರವಾಯಿತು ಎನ್ನೋಣವೆಂದರೆ ಅದೂ ಇಲ್ಲ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಮಲ ಪರೀಕ್ಷಿಸಿದ ಸಂಶೋಧಕರಿಗೆ, ಅವುಗಳ ಊಟದಲ್ಲಿ ದೊಡ್ಡ ಪಾಲು ನಾಯಿಯದೇ ಎಂದು ತಿಳಿಯಿತು. ನಾಯಿಯ ರುಚಿ ಹತ್ತಿದ ಚಿರತೆ ನಾಯಿ ಇರುವಲ್ಲಿಗೆ, ಎಂದರೆ ಹಟ್ಟಿಗೆ, ಬಡಾವಣೆಗೆ, ತಮ್ಮ ಕಾಂಪೌಂಡಿಗೆ ಬರುತ್ತದೆ. ಆಗ ಅರಣ್ಯ ಇಲಾಖೆಗೆ ಬೋನು ಇಡಿ ಎಂದು ಮನವಿ ಬರೆಯುವವರೂ ನಾವೇ. ಚಿರತೆಯ ಕಣ್ಣು ತಪ್ಪಿಸಿ ಬದುಕಿದ ನಾಯಿ ಕಾಯಿಲೆ ಹಂಚುತ್ತದೆ. 2018ರಲ್ಲಿ ಗಿರ್ ಕಾಡಿನ ಸಿಂಹಗಳು ಸಾಲಾಗಿ ಸತ್ತಾಗ ಅವುಗಳಲ್ಲಿ ಸಿಕ್ಕಿದ್ದು ಡಿಸ್ಟೆಂಪರ್ ವೈರಸ್. ನಮ್ಮ ಮರಿಗಳಿಗೆ ಆರೇಳು ವಾರಕ್ಕೆ ಹಾಕಿಸಬೇಕಾದ ಲಸಿಕೆ ತಡೆಯುವುದು ಅದೇ ಡಿಸ್ಟೆಂಪರನ್ನು.

ಕಾನೂನಿಗೆ ಹೆದರುವವರು ತಮ್ಮಲ್ಲಿದ್ದರೆ ಧೈರ್ಯ ಹೇಳಲು ಬಯಸುತ್ತೇನೆ. ಹಸಿವು, ಬಾಯಾರಿಕೆಯಿಂದ ನರಳುವಂಥ ಜಾಗದಲ್ಲಿ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. 1960ರ ಹತ್ತು ರೂಪಾಯಿಯಲ್ಲಿ ಸಂಸಾರದ ಸಂತೆ ಮುಗಿಯುತ್ತಿತ್ತು. ಇಂದು ಬಸ್ ಸ್ಟ್ಯಾಂಡಿನಲ್ಲಿ ಟೀ ಜೊತೆ ಬನ್ನು ತೆಗೆದುಕೊಂಡರೆ ಅದಕ್ಕಿಂತ ಹೆಚ್ಚಾಗುತ್ತದೆ. ನಮ್ಮ ಸಂಸತ್ತು ಇಷ್ಟು ಅಗ್ಗಕ್ಕೆ ಕೊಟ್ಟ ಸೌಕರ್ಯ ಬೇರೆ ಇರಲಾರದು.

2025ರ ಆಗಸ್ಟ್‌ನಿಂದ ದೇಶವೆಲ್ಲ ಬೀದಿನಾಯಿಯ ಮಾತಾಡುತ್ತಿದೆ. ಸುಪ್ರೀಂ ಕೋರ್ಟ್ ದೆಹಲಿಯ ನಾಯಿಗಳನ್ನೆಲ್ಲ ಹಿಡಿದಿಡಿ ಎಂದಿತು, ಹನ್ನೊಂದು ದಿನದಲ್ಲಿ ಅದನ್ನು ತಿದ್ದಿ, ಸಂತಾನಹರಣ ಮಾಡಿಸಿ ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಿ, ಕಚ್ಚುವ ಮತ್ತು ರೇಬಿಸ್ ಶಂಕೆಯವನ್ನು ಮಾತ್ರ ಬಿಡಬೇಡಿ ಎಂದಿತು. ದತ್ತು ಪಡೆದವರು ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳಬೇಕೆಂದೂ ಹೇಳಿತು. ಟೀ ಅಂಗಡಿಗಳಲ್ಲಿ ಈ ಬಗ್ಗೆ ತಾವು ಮಾಡಿದ ವಾದಗಳನ್ನು ಕೇಳಿದ್ದೇನೆ. ಒಂದು ಸಣ್ಣ ಮಾಹಿತಿಯನ್ನು ಮಾತ್ರ ಸೇರಿಸಬಯಸುತ್ತೇನೆ: ಬೀದಿನಾಯಿ ಆಕಾಶದಿಂದ ಉದುರುವುದಿಲ್ಲ. ಕೆಲವು ಬೀದಿಯಲ್ಲೇ ಹುಟ್ಟುತ್ತವೆ, ಇನ್ನು ಕೆಲವು ಸ್ಕೂಟರಿನ ಫುಟ್‌ಬೋರ್ಡಿನ ಮೇಲೆ ಗೋಣಿಚೀಲದಲ್ಲಿ ಬಂದಿಳಿಯುತ್ತವೆ.

ನಮ್ಮದು ನಾಯಿಯ ಬೆಲೆ ತಿಳಿಯದ ನಾಡೇನೂ ಅಲ್ಲ. ಕ್ರಿ.ಶ. 949-50ರ ಆತಕೂರು ಶಾಸನ ನೋಡಿ. ತಕ್ಕೋಲದ ಯುದ್ಧದ ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಬೇಡು ಎಂದ ಗಂಗರ ದೊರೆ ಬೂತುಗನನ್ನು ಅವನ ಸೇವೆಯಲ್ಲಿದ್ದ ಮಣಲೆರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಬೆಳತೂರಿನ ಮೊರಡಿಯಲ್ಲಿ ಹಂದಿಯೊಂದಿಗೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಅದಕ್ಕೊಂದು ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಅಲ್ಲಿಯ ಪೂಜಾರಿ ಗೊರವ ಉಣ್ಣಕೂಡದೆಂದು ಕಟ್ಟಳೆ ಮಾಡಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೆರ ಉಗುರು ಎಣಿಸಿದ ಬಗ್ಗೆಯಾಗಲಿ, ಮನೇಲಿ ಕೇಳಿ ಹೇಳುತ್ತೇನೆ ಎಂದ ಬಗ್ಗೆಯಾಗಲಿ ಅದರಲ್ಲಿ ಉಲ್ಲೇಖವಿಲ್ಲ.

ಒಂದು ಹೆಣ್ಣು ಮರಿ ಹೋದದ್ದು ಹೇಗೆಂದು ಹೇಳುತ್ತೇನೆ ಎಂದಿದ್ದೆ. ಹಿರಿಯೂರು ಕಡೆಯ ಕುರಿಗಾಹಿಯೊಬ್ಬ ಬಂದ. ಟೀ ಬೇಡ ಎಂದ. "ಇವ್ರವ್ವ ಯಾವ್ದು?" ಎಂದು ಕೇಳಿ, ಲಚ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೈ ಮೂಸಲು ಕೊಟ್ಟ. ಹೆಣ್ಣು ಮರಿಯೇ ಉಳಿದಿರುವುದು ಎಂದು ನಾನು ಅಳುಕುತ್ತಲೇ ಹೇಳಿದೆ. "ಗಂಡೋ ಹೆಣ್ಣೋ ಅಂತ ಕುರೀನೂ ಕೇಳಲ್ಲ, ತ್ವಾಳಾನೂ ಕೇಳಲ್ಲ ಬಿಡ್ರಿ" ಎಂದ. ಆಪರೇಷನ್ ಮಾಡಿಸುವ ಮಾತೆತ್ತಿದೆ. ಯಾವ ತಿಂಗಳಿಗೆ ಕರೆತರಬೇಕು ಎಂದಷ್ಟೇ ಕೇಳಿ, ಮರಿಯನ್ನು ಕಂಬಳಿಗೆ ಹಾಕಿಕೊಂಡು ನಡೆದ. ಅವನನ್ನು ಕಂಡ ಮೇಲೆ ನಾನು ತಮ್ಮ ಸಂದರ್ಶನದ ಪದ್ಧತಿಯನ್ನು ತಿರುಗಿಸಿದ್ದೇನೆ. ಇನ್ನು ಮುಂದೆ ಮರಿಗಳು ಕೂತಿರುತ್ತವೆ, ಪರೀಕ್ಷೆ ತಮಗೆ. ಷರತ್ತುಗಳು ಹೀಗಿವೆ:

1. ಮನೆಯವರೆಲ್ಲ ಒಟ್ಟಿಗೆ ಬರತಕ್ಕದ್ದು. ಕೇಳುವವರು, ಹೇಳುವವರು ಇಲ್ಲಿಯೇ ಮಾತಾಡಿಕೊಳ್ಳಲಿ.

2. ಮೊದಲ ಲಸಿಕೆ, ಜಂತಿನ ಔಷಧಿ ನನ್ನ ಖರ್ಚು. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷ ವರ್ಷ ತಮ್ಮ ಖರ್ಚು. ಆರು ತಿಂಗಳ ಮೇಲಿನ ಶಸ್ತ್ರಚಿಕಿತ್ಸೆಯ ಖರ್ಚೂ ನನ್ನದೇ, ಕರೆತರುವುದು ತಮ್ಮ ಕೆಲಸ.

3. ತೋಟ ಕಾಯಲು ಒಯ್ಯುವವರು ಒಯ್ಯಬಹುದು. ಆದರೆ ಮೂರಡಿ ಸರಪಳಿಯಲ್ಲಿ ಹಗಲು ರಾತ್ರಿ ಕಟ್ಟಿದ ನಾಯಿ ಮೂರಡಿ ತೋಟವನ್ನು ಮಾತ್ರ ಕಾಯುತ್ತದೆ.

4. ನಾನು ಒಮ್ಮೆ ಹೇಳದೆ ಕೇಳದೆ ತಮ್ಮ ಮನೆಗೆ ಬರುತ್ತೇನೆ. ಟೀ ಕುಡಿಯುತ್ತೇನೆ, ಬಾಕಿ ಬಹಳ ಇದೆ.

5. ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನನಗೇ ವಾಪಸ್ ತಂದುಕೊಡುವುದು. ಕಾರಣ ಕೇಳುವುದಿಲ್ಲ. ಜೋಗಿಮಟ್ಟಿ ರಸ್ತೆಗೆ ಹಾಕುವ ಪೆಟ್ರೋಲಿಗಿಂತ ಇದು ಅಗ್ಗ.

ಈ ಷರತ್ತುಗಳಿಗೆ ಯಾರೂ ಒಪ್ಪದಿದ್ದರೆ ಚುಕ್ಕಿ, ಕೆಂಪಿ ಇಲ್ಲಿಯೇ ಇರುತ್ತಾರೆ, ಮೂರು ನಾಯಿ ಸಾಕಿದ ಹುಚ್ಚ ಎಂಬ ಬಿರುದು ನನಗಿರಲಿ.

ಇಂತಿ,
ತಮ್ಮ ವಿಧೇಯ

ಪ್ರತಿಗಳು:

1. ಜೋಗಿಮಟ್ಟಿಯ ಚಿರತೆಗಳಿಗೆ: ಈ ಸಾಲಿನಲ್ಲಿ ನಮ್ಮ ಮನೆಯಿಂದ ಯಾವುದೇ ಸರಬರಾಜು ಇರುವುದಿಲ್ಲ ಎಂಬ ಮಾಹಿತಿಗಾಗಿ.

2. ಹೆದ್ದಾರಿಯ ಡಾಬಾ ಮಾಲೀಕರಿಗೆ: ರಾತ್ರಿ ಚೀಲ ಇಳಿಸಿ ಹೋಗುವ ಗಾಡಿಗಳ ನಂಬರ್ ಬರೆದಿಡುವ ಸಲುವಾಗಿ.

3. ಲಚ್ಚಿಗೆ: ಮರಿಗಳು ಹಾಲು ಬಿಟ್ಟಿವೆ, ಡಾಕ್ಟರ್ ಸೋಮವಾರ ಬೆಳಿಗ್ಗೆ ಬರಹೇಳಿದ್ದಾರೆ, ಭಾನುವಾರ ರಾತ್ರಿ ಊಟ ಇರುವುದಿಲ್ಲ. ಸೂಕ್ತ ಕ್ರಮಕ್ಕಾಗಿ.