ದೋಷ ಪಾದದ್ದೇ: ಕೈಹೊಲಿಗೆ ಚಪ್ಪಲಿ ಕೊಳ್ಳುವವರಿಗೆ ತಜ್ಞ ಸಲಹೆ

ಕೈಯಲ್ಲಿ ಹೊಲಿದ ಚಪ್ಪಲಿ ಕಚ್ಚಿದರೆ ಜನ ಹೊಲಿದವರನ್ನು ಬೈಯುತ್ತಾರೆ. ಇದು ಅವೈಜ್ಞಾನಿಕ. ಆ ಎಮ್ಮೆ ಚರ್ಮ ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ದಿನಗಟ್ಟಲೆ ನೆನೆದು ಹದವಾಗಿದೆ. ನಿಮ್ಮ ಪಾದ ಹುಟ್ಟಿದಾಗಿನಿಂದ ಯಾವ ಹದಕ್ಕೂ ಬಂದಿಲ್ಲ. ಇಬ್ಬರಲ್ಲಿ ಯಾರು ಹೊಂದಿಕೊಳ್ಳಬೇಕು? ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದ ಹಿರಿಯರು ಹಾಸಿಗೆಗೆ ತೇಪೆ ಹಚ್ಚಿ ಉದ್ದ ಮಾಡಿ ಅನ್ನಲಿಲ್ಲ.

ಇನ್ನು ಅಳತೆ. ಇಂಗ್ಲಿಷ್ ಸೈಜಿನಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಒಂದು ಬಾರ್ಲಿ ಕಾಳಿನ ಉದ್ದ. ಜೋಳದ ರೊಟ್ಟಿ ತಿಂದು ಬೆಳೆದ ಕಾಲು ಬಾರ್ಲಿಯ ಲೆಕ್ಕಕ್ಕೆ ಕೂರದಿದ್ದರೆ ತಪ್ಪು ಜೋಳದ್ದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಲಕ್ಷಕ್ಕೂ ಹೆಚ್ಚು ಭಾರತೀಯರ ಪಾದ ಅಳೆಸಿ, ನಮ್ಮ ಪಾದ ಅಗಲವೆಂದು ಕಂಡುಕೊಂಡು, ‘ಭಾ’ ಎಂಬ ಹೊಸ ಪದ್ಧತಿಯನ್ನೇ ರೂಪಿಸಿದೆ. ಬೆರಳು ಮುದುಡಿಕೊಳ್ಳಿ ಎಂದು ಒಂದು ಸುತ್ತೋಲೆ ಹೊರಡಿಸಿದ್ದರೆ ಸಾಕಿತ್ತು.

ಅಥಣಿಯ ಕಡೆ ನಡೆಯುವುದು ತೀರಾ ಹಿಂದುಳಿದ ವಿಧಾನ. ‘ಸಂಜಿಮುಂದ ಬರ್ರಿ ಸಾಹೇಬ್ರ, ಕಾಲು ಚೂರು ಬಾತಿರ್ತಾವ’ ಅನ್ನುತ್ತಾರೆ. ಕಾಗದದ ಮೇಲೆ ಎರಡೂ ಪಾದ ಇಡಿಸಿ ಗೆರೆ ಎಳೆಯುತ್ತಾರೆ, ಏಕೆಂದರೆ ಎಡಗಾಲು ಬಲಗಾಲು ಒಂದೇ ಸಮ ಇರುವುದಿಲ್ಲವಂತೆ. ಚರ್ಮ ಹಿಗ್ಗುವುದು ಗೊತ್ತಿರುವುದರಿಂದ ಪಟ್ಟಿಯನ್ನು ತುಸು ಬಿಗಿ ಹಿಡಿಯುತ್ತಾರೆ. ಮೊಳೆ ಮುಟ್ಟದೆ ಹೊಲಿಗೆಯಲ್ಲೇ ಮುಗಿಸುತ್ತಾರೆ. ಲೇಸರ್ ಇಲ್ಲ, ಆ್ಯಪ್ ಇಲ್ಲ, ಪವರ್‌ಪಾಯಿಂಟ್ ಇಲ್ಲ. ಚಪ್ಪಲಿ ಕಾಲಿಗೆ ಕೂರುತ್ತದೆ, ನಿಜ. ಆದರೆ ಯಾವ ಸಿದ್ಧಾಂತದ ಪ್ರಕಾರ ಕೂತಿತು ಎಂದು ಕೇಳಿದರೆ ಉತ್ತರವಿಲ್ಲ.

ಸಿದ್ಧಾಂತ ಬೇಕಾದವರು ದೇವಸ್ಥಾನದ ಬಾಗಿಲಿಗೆ ಹೋಗಬೇಕು. ಅಲ್ಲಿ ಬಿಟ್ಟ ಹೊಸ ಚಪ್ಪಲಿ ಯಾರ ಕಾಲಿಗೆ ಸರಿಯಾಗಿ ಹೊಂದುತ್ತದೋ ಅವರ ಜೊತೆ ಹೋಗಿಬಿಡುತ್ತದೆ. ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ನೀವು ಬರಿಗಾಲಲ್ಲಿ ಮನೆಗೆ ಬಂದಿದ್ದರೆ, ನಿಮ್ಮ ಅಳತೆ ತಪ್ಪಿತ್ತೆಂದೇ ಅರ್ಥ.

ಎಲ್ಲಕ್ಕಿಂತ ನಾಜೂಕಿನದು ಬೆಲೆಯ ಅಳತೆ. ಅಥಣಿಯವರೂ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಅದಕ್ಕೆ ಹಕ್ಕುದಾರರು. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಫ್ಯಾಷನ್ ಪ್ರದರ್ಶನದಲ್ಲಿ ಅದೇ ಹೋಲಿಕೆಯ ಚಪ್ಪಲಿ ಬರೇ ‘ಚರ್ಮದ ಸ್ಯಾಂಡಲ್’ ಎಂಬ ಹೆಸರಿನಲ್ಲಿ ನಡೆದುಹೋಯಿತು. ಇಲ್ಲಿ ಗಲಾಟೆಯಾದ ಮೇಲೆ ಮೂಲ ಯಾವುದೆಂದು ಕಂಪನಿ ಒಪ್ಪಿಕೊಂಡಿತು.

ಈ ಪ್ರಸಂಗದಿಂದ ಗ್ರಾಹಕರು ಕಲಿಯಬೇಕಾದ ನಿಯಮ ಸರಳ. ಚರ್ಮ ಹಿಗ್ಗಬಹುದು, ಕೂಲಿ ಹಿಗ್ಗಕೂಡದು. ಪಟ್ಟಿ ಬಿಗಿಯಾದರೆ ದೂರು ಕೊಡಿ, ಹೊಲಿದವರ ಹೊಟ್ಟೆ ಬಿಗಿಯಾದರೆ ಅದನ್ನು ವ್ಯಾಪಾರದ ಜಾಣತನ ಎನ್ನಿ. ಅಥಣಿಯಲ್ಲಿ ಐವತ್ತು ರೂಪಾಯಿಯಾದರೂ ಇಳಿಸಿಕೊಳ್ಳದೆ ಅಂಗಡಿ ಬಿಟ್ಟೇಳಬೇಡಿ. ಮಿಲಾನ್‌ನಲ್ಲಿ ಮಾತ್ರ ಕೇಳಿದಷ್ಟು ಎಣಿಸಿಕೊಟ್ಟು ಸುಮ್ಮನೆ ಬನ್ನಿ. ಅಲ್ಲಿ ಚೌಕಾಸಿ ಮಾಡುವುದು ಅನಾಗರಿಕತೆ, ಮತ್ತು ಆ ಬೆಲೆಯ ಚಪ್ಪಲಿ ಕಾಲು ಕಚ್ಚಿದ್ದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ.