ಮೊದಲ ಸಾಲಿನ ಅಜ್ಜ

ಆಗಸ್ಟಿನಲ್ಲಿ ಸ್ಪೇನಿನ ಮೆಡಿಟರೇನಿಯನ್ ತೀರಕ್ಕೆ ಹೋದವರಿಗೆಲ್ಲ ಈ ಅಜ್ಜನ ಪರಿಚಯ ಇದ್ದೇ ಇರುತ್ತದೆ. ಬೆನಿಡೋರ್ಮ್‌ನಲ್ಲೂ ಇದ್ದಾನೆ, ಕುಯ್ಯೇರಾದಲ್ಲೂ ಇದ್ದಾನೆ. ಒಂದು ಹೆಗಲಿಗೆ ಕೊಡೆ, ಇನ್ನೊಂದಕ್ಕೆ ಮಡಚುವ ಕುರ್ಚಿಗಳು, ಕಾಲಿಗೆ ಹವಾಯಿ ಚಪ್ಪಲಿ, ಮುಖದಲ್ಲಿ ದಂಡನಾಯಕನ ಗಾಂಭೀರ್ಯ. ಮನೆಯವರೆಲ್ಲ ಗೊರಕೆ ಹೊಡೆಯುವಾಗ ಎದ್ದು, ನೀರಿನಂಚಿನ ಮೊದಲ ಸಾಲನ್ನು ವಶಪಡಿಸಿಕೊಳ್ಳುವುದೇ ಇವನ ವ್ರತ. ನಮ್ಮ ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರದೂ ಇವನದೂ ಒಂದೇ ಗೋತ್ರ. ಸೂತ್ರ ಮಾತ್ರ ಬೇರೆ.

ನನ್ನ ಪಾಲಿಗೆ ಬಂದವನು ಕಾಲ್ಪೆ ಊರಿನ ಅರೆನಾಲ್-ಬೋಲ್ ಬೀಚಿನ ಅಜ್ಜ. ವರ್ಷವೆಲ್ಲ ಮ್ಯಾಡ್ರಿಡ್‌ನಲ್ಲಿ ಬೆಂದು, ಆಗಸ್ಟಿಗೆ ಇಲ್ಲಿ ಉಪ್ಪು ಹಚ್ಚಿಸಿಕೊಳ್ಳಲು ಬರುವವನು. ನನ್ನ ಮಗಳು ಹಿಡಿದಿದ್ದ ಬಾಡಿಗೆ ಫ್ಲಾಟು ಅವನ ಫ್ಲಾಟಿನ ಮೇಲೆಯೇ ಇತ್ತು. ಮೆಟ್ಟಿಲಿಳಿಯುವ ಆ ಕುರ್ಚಿಗಳ ಗಲಗಲವೇ ನನಗೆ ಸುಪ್ರಭಾತ. ಅಲ್ಲಿ ಆಗಸ್ಟಿನ ಸೂರ್ಯ ಕಣ್ಣುಬಿಡುವುದೇ ಏಳು ದಾಟಿದ ಮೇಲೆ. ಅಜ್ಜ ಸೂರ್ಯನಿಗೂ ಹಿರಿಯ.

ಒಮ್ಮೆ ನಿದ್ದೆಗೆಟ್ಟ ಸಿಟ್ಟಿನಲ್ಲಿ ಹಿಂದೆಯೇ ಹೋಗಿ ನೋಡಿದೆ. ಮರಳು ಬಾಚುವ ಟ್ರ್ಯಾಕ್ಟರ್ ದಾಟುವವರೆಗೆ ಕಾದ. ಒದ್ದೆ ಮರಳು ಮುಗಿದು ಒಣ ಮರಳು ಶುರುವಾಗುವಲ್ಲಿ ಮಂಡಿಯೂರಿ, ಮೊಣಕೈ ಮುಳುಗುವಷ್ಟು ಗುಂಡಿ ತೋಡಿದ. ಕೋಲು ನಿಲ್ಲಿಸಿ, ಬಾಟಲಿಯಲ್ಲಿ ಸಮುದ್ರದ ನೀರು ತಂದು ಸುತ್ತ ಸುರಿದು, ಹಿಮ್ಮಡಿಯಿಂದ ದಮ್ಮಸು ಮಾಡಿದ. ಆಮೇಲೆ ಕೊಡೆ ಬಿಚ್ಚಿದ ನೋಡಿ, ಅದರಡಿ ಒಂದು ಸಣ್ಣ ಮದುವೆ ಮಾಡಬಹುದಿತ್ತು.

ಮಲ್ಪೆಯಲ್ಲಿ ಈ ಆಟ ನಡೆಯುವುದಿಲ್ಲ. ಮಧ್ಯಾಹ್ನದ ಭರತಕ್ಕೆ ಕುರ್ಚಿ, ಟವೆಲ್ಲು, ಪ್ರತಿಷ್ಠೆ ಎಲ್ಲವೂ ಅರಬ್ಬಿ ಸಮುದ್ರದ ಪಾಲು. ಮೆಡಿಟರೇನಿಯನ್ನಿನ ಬಹುಪಾಲು ತೀರಗಳಲ್ಲಿ ಉಬ್ಬರವಿಳಿತ ಗೇಣೆರಡು ಗೇಣು. ಬೆಳಿಗ್ಗೆ ಮೊದಲಾಗಿದ್ದ ಸಾಲು ಸಂಜೆಗೂ ಮೊದಲೇ. ಅಲ್ಲಿ ಸಮುದ್ರವೂ ಅಜ್ಜನ ಪಕ್ಷ.

ಕಡಲತೀರ ಸಾರ್ವಜನಿಕ ಸ್ವತ್ತು ಎಂದು ಸ್ಪೇನಿನ 1978ರ ಸಂವಿಧಾನವೇ ಸಾರಿದೆ. ಸಾರ್ವಜನಿಕ ಎಂದರೆ ಮೊದಲು ಬಂದವನದು ಎಂಬುದು ಅಜ್ಜನ ಭಾಷ್ಯ. ಈ ಭಾಷ್ಯಕಾರರ ಕಾಟ ತಡೆಯಲಾರದೆ ಕಾಲ್ಪೆಯ ಪುರಸಭೆ 2024ರ ಬೇಸಿಗೆಯಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ ಮುಂಚೆ ಕೊಡೆ-ಕುರ್ಚಿ ಬಿಟ್ಟುಹೋದವರಿಗೆ 250 ಯುರೋ ದಂಡ ಎಂದಿತು. ಅಜ್ಜ ಜಗ್ಗಿದನೇ? ಬಿಟ್ಟುಹೋದರೆ ತಾನೇ ದಂಡ! ಅಲ್ಲೇ ಕೂತುಬಿಟ್ಟ. ಭೂಗಳ್ಳನನ್ನು ಹಿಡಿಯಲು ಬಂದ ಕಾನೂನು ಅವನನ್ನು ಕಾವಲುಗಾರನನ್ನಾಗಿ ಮಾಡಿತು.

ಹನ್ನೊಂದು ಗಂಟೆಗೆ ಪುಳಿಯೋಗರೆ ಡಬ್ಬಿ ಹಿಡಿದು ಹೊರಟ ನಮಗೆ ಸಿಗುತ್ತಿದ್ದುದು ಐದನೇ ಸಾಲು. ಅಲ್ಲಿಂದ 332 ಮೀಟರಿನ ಇಫಾಕ್ ಬಂಡೆ ಕಾಣುತ್ತದೆ. ಸಮುದ್ರ ಇದೆ ಎಂದು ನಂಬಿಕೊಳ್ಳಬೇಕು. ಮುಂದೆ ಅಜ್ಜನ ಕುರ್ಚಿಗಳು ಗಾಳಿ ಕುಡಿಯುತ್ತಿದ್ದವು. ಒಂದರತ್ತ ಕೈ ತೋರಿಸಿದರೆ "ಫಮೀಲಿಯಾ!" ಎಂದು ಎದೆ ಮುಟ್ಟಿಕೊಂಡ. ಯಾರದೋ ಟವೆಲ್ಲಿನ ಅಂಚು ಅವನ ಗಡಿ ದಾಟಿದರೆ ಕಾಲ್ಬೆರಳಿನಿಂದಲೇ ಹಿಂದಕ್ಕೆ ಸರಿಸುತ್ತಿದ್ದ. ನಾನು ಉರಿದುಬಿದ್ದೆ. "ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗಿಳಿಯುವವರಿಗೆ ಮೊದಲ ಸಾಲು ಯಾಕೋ?" ಎಂದಳು ಹೆಂಡತಿ. ನಾನು ಪುಳಿಯೋಗರೆಯ ಕಡೆ ಗಮನ ಕೊಟ್ಟೆ.

ಮಧ್ಯಾಹ್ನಕ್ಕೆ ಫಮೀಲಿಯಾ ಬಂತು. ಆಕಳಿಸುವ ಮಗಳು, ಫೋನಿನಲ್ಲಿದ್ದ ಅಳಿಯ, ಮೊಮ್ಮಕ್ಕಳು, ಆಲೂಗಡ್ಡೆ ತೊರ್ತಿಯಾ ಮತ್ತು ಕಲ್ಲಂಗಡಿ ಹೊತ್ತ ಅಜ್ಜಿ. ಎಲ್ಲರೂ ನೆರಳಿಗೆ ನುಗ್ಗಿದರು, ಕುರ್ಚಿಗಳು ತುಂಬಿದವು. ಅಜ್ಜನಿಗೆ ಕುರ್ಚಿ ಉಳಿಯಲಿಲ್ಲ. ಉಳಿಯಬೇಕಿತ್ತು ಎಂದು ಯಾರಿಗೂ ಅನಿಸಿದಂತಿರಲಿಲ್ಲ, ಅವನಿಗೂ. ಬಕೆಟ್ಟು ಕವುಚಿ ಹಾಕಿ ಬಿಸಿಲಲ್ಲೇ ಕೂತು, ಕಲ್ಲಂಗಡಿ ಕೊಯ್ದು ಒಬ್ಬೊಬ್ಬರಿಗೆ ಹಂಚಿದ. ಎರಡು ಗಂಟೆಗೆ ಎಲ್ಲರೂ ಊಟಕ್ಕೆಂದು ಎದ್ದು ಹೋದರು. ಹಿಡಿದ ಸೀಮೆಯಲ್ಲಿ ಅವನು ತಾನಾಗಿ ನೆರಳಿಗೆ ಸರಿದದ್ದನ್ನು ನಾನು ಕಾಣಲಿಲ್ಲ.

ಮನೆಯವರಿಗಾಗಿ ಜಾಗ ಹಿಡಿಯುವ ಹಿರಿಯರು ಊರೂರಲ್ಲೂ ಇದ್ದಾರೆ. ಪ್ರೀತಿಯನ್ನು ಬಾಯಲ್ಲಿ ಹೇಳಲು ಬಾರದವರು ಹೀಗೆ ಅಕ್ಕಪಕ್ಕದವರಿಗೆ ತೊಂದರೆ ಕೊಟ್ಟಾದರೂ ತೋರಿಸುತ್ತಾರೆ. ಪಡೆದವರಿಗೆ ಅದು ಗೊತ್ತಾಗುವುದು, ಸ್ವತಃ ಗುಂಡಿ ತೋಡುವ ಸರದಿ ಬಂದಾಗ. ಆ ಅಳಿಯನನ್ನು ನೋಡಿದರೆ ಅವನು ಈಜುಕೊಳವಿರುವ ಹೋಟೆಲು ಬುಕ್ ಮಾಡುವವನೇ ಹೊರತು ಗುಂಡಿ ತೋಡುವವನಲ್ಲ. ಆದ್ದರಿಂದ ಅಜ್ಜನಿಗೆ ನೂರು ವರ್ಷ ಆಯುಷ್ಯವಿರಲಿ. ಕೊಡೆ ಮಾತ್ರ ಒಂದು ಅಳತೆ ಚಿಕ್ಕದಾಗಲಿ.