ಸೇರ್ಪಡೆ ಮೀಮಾಂಸೆ

ಯಾವ ಸಂಗೀತಗಾರ ಕೀರ್ತಿಮಂದಿರಕ್ಕೆ ಸೇರಬೇಕು, ಯಾವನು ಸೇರಬಾರದು, ಸೇರಿದವನು ಅದು ಹೇಗೆ ತಾನೆ ಸೇರಿದ ಎಂಬ ಮೂರು ಪ್ರಶ್ನೆಗಳನ್ನು ವಿಚಾರಿಸುವ ಶಾಸ್ತ್ರಕ್ಕೆ ಸೇರ್ಪಡೆ ಮೀಮಾಂಸೆ ಎಂದು ಹೆಸರು. ಇದರ ಮೂಲಪೀಠ ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ, ಈರಿ ಸರೋವರದ ದಡದಲ್ಲಿರುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್. ಶಾಖಾಪೀಠಗಳು ಗಿಟಾರ್ ಅಂಗಡಿ, ಕಾಲೇಜು ಹಾಸ್ಟೆಲು, ಬೈಟೂ ಕಾಫಿ ಕೊಡುವ ಹೋಟೆಲು ಇರುವ ಕಡೆಯೆಲ್ಲ ಇವೆ. ಸಂಗೀತಶಾಸ್ತ್ರಕ್ಕೂ ಇದಕ್ಕೂ ದೂರದ ನೆಂಟಸ್ತಿಕೆ ಮಾತ್ರ. ಅದನ್ನು ಕಲಿಯಲು ಸ್ವರಜ್ಞಾನ ಬೇಕು. ಇದಕ್ಕೆ ಕಂಠಬಲವೊಂದಿದ್ದರೆ ಸಾಕು.

ಮೊದಲು ಸ್ಥಳಪುರಾಣ. ರೆಕಾರ್ಡ್ ಕಂಪನಿಯೊಂದರ ಒಡೆಯ, ತುರ್ಕಿ ರಾಯಭಾರಿಯ ಮಗ ಅಹ್ಮೆತ್ ಎರ್ತೆಗನ್ 1983ರಲ್ಲಿ ಈ ಪ್ರತಿಷ್ಠಾನವನ್ನು ಹುಟ್ಟುಹಾಕಿದ. 1986ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಮೊದಲ ಹತ್ತು ಕಲಾವಿದರ ಸೇರ್ಪಡೆಯಾಯಿತು. ಅವರು ಎಲ್ಲಿಗೆ ಸೇರಿದರು ಎಂದು ಆಗ ಯಾರೂ ಹೇಳುವಂತಿರಲಿಲ್ಲ. ಕಟ್ಟಡ ಹಾಗಿರಲಿ, ಊರೇ ಗೊತ್ತಾಗಿರಲಿಲ್ಲ. ಗುಡಿಗೆ ಪಾಯ ತೆಗೆಯುವ ಮೊದಲೇ ಉತ್ಸವಮೂರ್ತಿಗಳ ಮೆರವಣಿಗೆ ಹೊರಟಿತ್ತು. ಊರಿಗಾಗಿ ನಡೆದ ಪೈಪೋಟಿಯಲ್ಲಿ ಮೆಂಫಿಸ್ ಕೂಡ ಇತ್ತು. ಪತ್ರಿಕೆಯೊಂದು ಫೋನ್ ಮೂಲಕ ಜನಮತ ಕೇಳಿದಾಗ ಕ್ಲೀವ್‌ಲ್ಯಾಂಡಿಗೆ 1,10,315 ಕರೆ, ಮೆಂಫಿಸ್ಸಿಗೆ 7,268 ಕರೆ ಬಂದವು. ಮೆಂಫಿಸ್ಸಿಗೆ ಎಲ್ವಿಸ್ ಪ್ರೀಸ್ಲಿ ಇದ್ದ, ಕ್ಲೀವ್‌ಲ್ಯಾಂಡಿಗೆ ಟೆಲಿಫೋನ್ ಇತ್ತು. ಜೊತೆಗೆ ಆರು ಲಕ್ಷ ಸಹಿಗಳ ಮನವಿಯೂ 6.5 ಕೋಟಿ ಡಾಲರ್ ಸಾರ್ವಜನಿಕ ಹಣದ ಭರವಸೆಯೂ ಇದ್ದವು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿಗೆ ಗಾಜಿನ ಪಿರಮಿಡ್ ಇಟ್ಟ ಐ. ಎಂ. ಪೇಯ್ ಇಲ್ಲಿಗೂ ಗಾಜಿನ ಇಳಿಜಾರಿನ ಮಂದಿರವನ್ನೇ ರೂಪಿಸಿದರು. 1995ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಸೇರ್ಪಡೆಯ ಜಗಳಕ್ಕೆ ಒಂಬತ್ತು ವರ್ಷ ತುಂಬಿತ್ತು.

ಕ್ಲೀವ್‌ಲ್ಯಾಂಡಿನ ಪರವಾಗಿ ಸಹಿ ಮತ್ತು ಹಣವನ್ನು ಬಿಟ್ಟು ಇನ್ನೊಂದು ಆಧಾರವಿದೆ, ಅದು ಶಾಸ್ತ್ರಕ್ಕೆ ಹೆಚ್ಚು ಹತ್ತಿರದ್ದು. ಆ ಊರಿನ ರೇಡಿಯೋ ನಿರೂಪಕ ಅಲನ್ ಫ್ರೀಡ್ ‘ರಾಕ್ ಅಂಡ್ ರೋಲ್’ ಎಂಬ ಮಾತನ್ನು ಮನೆಮನೆಗೆ ತಲುಪಿಸಿದವನು. 1952ರ ಮಾರ್ಚ್ 21ರಂದು ಅವನು ಏರ್ಪಡಿಸಿದ ಮೂನ್‌ಡಾಗ್ ಕಾರೊನೇಷನ್ ಬಾಲ್ ಜಗತ್ತಿನ ಮೊದಲ ರಾಕ್ ಕಛೇರಿ ಎನ್ನುತ್ತಾರೆ. ಸುಮಾರು ಹತ್ತು ಸಾವಿರ ಜನ ಹಿಡಿಸುವ ಜಾಗಕ್ಕೆ ಅದರ ಇಮ್ಮಡಿ ಜನ ಬಂದು, ಟಿಕೆಟ್ ಇದ್ದೂ ಒಳಗೆ ಹೋಗಲಾಗದವರು ಬಾಗಿಲು ಮುರಿದರು. ಕಛೇರಿ ಶುರುವಾಗುತ್ತಲೇ ಪೊಲೀಸರು ನಿಲ್ಲಿಸಿದರು. ಅಂದರೆ ರಾಕ್ ಸಂಗೀತದ ಮೊದಲ ರಾತ್ರಿಯೇ ಹಾಡಿಗಿಂತ ಹೆಚ್ಚು ನಡೆದದ್ದು ಒಳಗೆ ಯಾರು, ಹೊರಗೆ ಯಾರು ಎಂಬ ತಕರಾರು. ಮಂದಿರ ಆಮೇಲೆ ಮಾಡಿದ್ದು ಆ ತಕರಾರಿಗೆ ಕಾಯಂ ವಿಳಾಸ ಕೊಡುವ ಕೆಲಸವನ್ನಷ್ಟೇ.

ನಿಯಮಗಳು ಸರಳ. ಮೊದಲ ರೆಕಾರ್ಡ್ ಹೊರಬಂದು 25 ವರ್ಷ ಕಳೆದಿರಬೇಕು. ಸಮಿತಿಯೊಂದು ಹೆಸರುಗಳನ್ನು ಸೂಚಿಸುತ್ತದೆ. ಸಾವಿರಕ್ಕೂ ಹೆಚ್ಚು ಕಲಾವಿದರು, ಇತಿಹಾಸಕಾರರು, ಉದ್ಯಮದವರು ಮತ ಹಾಕುತ್ತಾರೆ. ಅಭಿಮಾನಿಗಳಿಗೂ 2012ರಿಂದ ಮತದಾನದ ಅವಕಾಶವಿದೆ, ಆದರೆ ಅವರೆಲ್ಲರ ಮತ ಒಟ್ಟು ಸೇರಿ ಒಂದು ಮತಪತ್ರವಾಗುತ್ತದೆ. 2020ರಲ್ಲಿ ಡೇವ್ ಮ್ಯಾಥ್ಯೂಸ್ ಬ್ಯಾಂಡಿಗೆ ಹತ್ತು ಲಕ್ಷಕ್ಕೂ ಮೀರಿ ಅಭಿಮಾನಿಗಳ ವೋಟು ಬಿದ್ದು ಮೊದಲ ಸ್ಥಾನ ಬಂತು, ಮಂದಿರದಲ್ಲಿ ಮಾತ್ರ ಸ್ಥಾನ ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇಷ್ಟು ಖಚಿತವಾದ ಅಂಕಿ ಅಂಶ ಬೇರೆಲ್ಲೂ ಸಿಗದು. ಪೂಜಾರಿ 2024ರಲ್ಲಿ ಮನಸ್ಸು ಬದಲಿಸಿದ.

ಇನ್ನು ಲಕ್ಷಣ. ರಾಕ್ ಅಂಡ್ ರೋಲ್ ಎಂದರೇನು ಎಂದು ಗೊತ್ತಾದರೆ ಯಾರು ಅರ್ಹರೆಂದು ತಾನಾಗಿ ಗೊತ್ತಾಗುತ್ತದೆ ಎಂಬುದು ಹೊಸಬರ ನಂಬಿಕೆ. ಹಸುವಿನ ಲಕ್ಷಣ ಹೇಳಹೊರಟವರಿಗೆ ನಮ್ಮ ತಾರ್ಕಿಕರು ಎಚ್ಚರಿಸಿದ ಮೂರು ದೋಷಗಳೂ ಇಲ್ಲಿ ಒಟ್ಟಿಗೇ ಎದುರಾಗುತ್ತವೆ. ‘ಗಿಟಾರ್ ಹಿಡಿದವನೇ ರಾಕರ್’ ಎಂದರೆ ಅವ್ಯಾಪ್ತಿ: ಮೊದಲ ಹತ್ತು ಮಂದಿಯಲ್ಲಿ ರೇ ಚಾರ್ಲ್ಸ್, ಫ್ಯಾಟ್ಸ್ ಡಾಮಿನೊ, ಜೆರ್ರಿ ಲೀ ಲೂಯಿಸ್, ಲಿಟಲ್ ರಿಚರ್ಡ್ ನಾಲ್ವರೂ ಪಿಯಾನೊದವರು, ಹೊರಗೆ ಹೋಗಬೇಕಾಗುತ್ತದೆ. ‘ಕಿವಿಗಡಚಿಕ್ಕುವುದೇ ರಾಕ್’ ಎಂದರೆ ಅತಿವ್ಯಾಪ್ತಿ: ಗಣೇಶನನ್ನು ಕೆರೆಗೆ ಬಿಡುವ ದಿನ ನಮ್ಮ ಬೀದಿಗಳೆಲ್ಲ ಕ್ಲೀವ್‌ಲ್ಯಾಂಡಿಗೆ ಅರ್ಜಿ ಹಾಕಬಹುದು. ‘ವ್ಯವಸ್ಥೆಯನ್ನು ಧಿಕ್ಕರಿಸುವುದೇ ರಾಕ್’ ಎಂಬುದು ಪ್ರೌಢರ ಲಕ್ಷಣ. ಇದಕ್ಕೆ ಅಸಂಭವ ದೋಷ: ಧಿಕ್ಕರಿಸುವವನು ಕೋಟು ತೊಟ್ಟು ಪ್ರಶಸ್ತಿಯ ಊಟಕ್ಕೆ ಬಾರ, ಬಂದವನು ಧಿಕ್ಕರಿಸಿದಂತಾಗಲಿಲ್ಲ. ಈ ತೊಡಕನ್ನು ಮಂದಿರ ಬಹಳ ಚೆನ್ನಾಗಿ ಬಿಡಿಸಿಕೊಂಡಿದೆ. ಲಕ್ಷಣವನ್ನೇ ಹೇಳುವುದಿಲ್ಲ.

ಲಕ್ಷಣವಿಲ್ಲದ ಕಡೆ ಪ್ರಮಾಣಗಳ ಹೊರೆ ಹೆಚ್ಚುತ್ತದೆ. ಪ್ರತ್ಯಕ್ಷ ಪ್ರಮಾಣವೆಂದರೆ ‘ಕಣ್ಣಾರೆ ನೋಡಿದ್ದೇನೆ’ ಎಂಬುದು. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಕೇಳಿದವರು ಆ ತಂಡದ ಅರ್ಹತೆಗೆ ಬೇರೆ ಸಾಕ್ಷಿ ಕೇಳುವುದಿಲ್ಲ. ಕಪ್ಪು ಟೀ ಶರ್ಟು ಈಗ ಬೂದಿ ಬಣ್ಣಕ್ಕೆ ತಿರುಗಿ, ಹೊಟ್ಟೆಯ ಹತ್ತಿರ ಬಿಗಿಯಾಗಿ, ಎದೆಯ ಮೇಲಿನ ಭೂತದ ಮುಖ ಬಿರುಕು ಬಿಟ್ಟಿದ್ದರೂ ಅದನ್ನೇ ತೊಟ್ಟು ವಾದಕ್ಕೆ ಬರುತ್ತಾರೆ. ತಂಡದ ಹೆಸರು ಮತಪಟ್ಟಿಗೆ ಮೊದಲು ಬಂದದ್ದು 2021ರಲ್ಲಿ. ಆ ವರ್ಷವೂ ಗೆಲ್ಲಲಿಲ್ಲ, 2023ರಲ್ಲೂ ಗೆಲ್ಲಲಿಲ್ಲ. ಮಂದಿರ ತಮಗೆ ಬೇಡವೇ ಬೇಡ ಎಂದು ಗಾಯಕ ಬ್ರೂಸ್ ಡಿಕಿನ್ಸನ್ 2018ರಲ್ಲೇ ಹೇಳಿದ್ದರು. ಇದರಿಂದ ಅಭಿಮಾನಿಗಳ ಕೋಪ ತಗ್ಗಲಿಲ್ಲ. ತನಗೆ ಬೇಡವಾದ್ದು ತನಗೆ ಸಿಗಲಿಲ್ಲವೆಂದು ಇನ್ನೊಬ್ಬ ಸಿಟ್ಟಾಗುವುದು ಈ ಶಾಸ್ತ್ರದಲ್ಲಿ ಭಕ್ತಿಯ ಉತ್ತಮ ದರ್ಜೆ.

ಶಬ್ದ ಪ್ರಮಾಣ ಇದಕ್ಕಿಂತ ಗಟ್ಟಿ. ಇಲ್ಲಿ ಶಬ್ದವೆಂದರೆ ಆಪ್ತವಾಕ್ಯವೆಂದು ಹಿಂದಿನವರು ಅರ್ಥ ಮಾಡಿದ್ದಾರೆ; ರಾಕ್ ಸಂಗೀತದ ಮಟ್ಟಿಗೆ ಶಬ್ದವೆಂದರೆ ಶಬ್ದವೇ. ಡೀಪ್ ಪರ್ಪಲ್ ತಂಡ 1972ರ ಲಂಡನ್ ಕಛೇರಿಯಲ್ಲಿ 117 ಡೆಸಿಬಲ್ ಮುಟ್ಟಿ ಗಿನ್ನೆಸ್ ಪುಸ್ತಕ ಸೇರಿತು. ದ ಹೂ ತಂಡ 1976ರಲ್ಲಿ 126 ಡೆಸಿಬಲ್ ಮುಟ್ಟಿ ಆ ದಾಖಲೆ ಮುರಿಯಿತು. ದ ಹೂ ಮಂದಿರ ಸೇರಿದ್ದು 1990ರಲ್ಲಿ, ಡೀಪ್ ಪರ್ಪಲ್ 2016ರಲ್ಲಿ. ಒಂಬತ್ತು ಡೆಸಿಬಲ್ ಕೊರತೆಗೆ 26 ವರ್ಷದ ವಿಳಂಬ; ಒಂದು ಡೆಸಿಬಲ್ಲಿಗೆ ಎರಡು ವರ್ಷ ಹತ್ತೂವರೆ ತಿಂಗಳಿಗೆ ಸ್ವಲ್ಪ ಮೇಲೆ ಬೀಳುತ್ತದೆ. ಸೂತ್ರ ಇಷ್ಟು ಚೊಕ್ಕವಾಗಿ ಕೂತಿರುವಾಗ ಪೂರ್ವಪಕ್ಷದವರು ಒಂದು ತರಲೆ ತೆಗೆಯುತ್ತಾರೆ: ಅದೇ 1990ರಲ್ಲಿ ಸೈಮನ್ ಮತ್ತು ಗಾರ್ಫಂಕಲ್ ಕೂಡ ಒಳಗೆ ಹೋದರು, ಅವರ ಅತಿ ಪ್ರಸಿದ್ಧ ಹಾಡುಗಳಲ್ಲೊಂದು ಮೌನದ ಬಗ್ಗೆ. ಸಿದ್ಧಾಂತಿಗಳು ಇದಕ್ಕೆ ಉತ್ತರ ಕೊಟ್ಟಿಲ್ಲ.

ಉಪಮಾನ ಎಲ್ಲರ ಕೈಗೂ ಸಿಗುವ ಪ್ರಮಾಣ, ಅದಕ್ಕೇ ಹೆಚ್ಚು ಸವೆದಿದೆ. ‘ಅವರೇ ಇದ್ದಾರೆ ಅಂದಮೇಲೆ ಇವರಿಗೇನು ದಾಡಿ?’ ಎಂಬುದು ಅದರ ರೂಪ. 2008ರಲ್ಲಿ ಮಡೋನಾ, 2010ರಲ್ಲಿ ಆಬಾ ಸೇರಿದಂದಿನಿಂದ ಈ ಪ್ರಮಾಣಕ್ಕೆ ಮೇವಿನ ಬರ ಬಂದಿಲ್ಲ. ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಮತ್ತು ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬ್ಬತ್ ಇಬ್ಬರೂ 2006ರ ಒಂದೇ ಪಂಕ್ತಿಯಲ್ಲಿ ಕೂತವರು. ಒಬ್ಬರ ಎಲೆಗೆ ಬಡಿಸಿದ್ದನ್ನು ಇನ್ನೊಬ್ಬರ ಅಭಿಮಾನಿ ಇವತ್ತಿಗೂ ಇಣುಕಿ ನೋಡುತ್ತಾನೆ. ‘ನಮ್ಮೋರು’ ಎಂಬ ಉಪಪ್ರಮಾಣವೂ ಇದರಲ್ಲೇ ಅಡಕ. ಕ್ವೀನ್ ತಂಡ 2001ರಲ್ಲಿ ಸೇರಿದ್ದನ್ನು ಭಾರತದ ಶಾಖಾಪೀಠಗಳು ಅದರ ಗಾಯಕ, ಪಾರ್ಸಿ ಮನೆಯ ಹುಡುಗ, ಪಂಚಗಣಿಯಲ್ಲಿ ಓದಿದವನು ಸೇರಿದ ಎಂದೇ ಬರೆದುಕೊಂಡಿವೆ.

ಅನುಪಲಬ್ಧಿ, ಎಂದರೆ ಇಲ್ಲದಿರುವುದೇ ಪ್ರಮಾಣವಾಗುವುದು, ಈ ಶಾಸ್ತ್ರದ ಶಿಖರ. ಶೀಕ್ ತಂಡದ ಹೆಸರು 11 ಬಾರಿ ಮತಪಟ್ಟಿಗೆ ಬಂದು 11 ಬಾರಿಯೂ ಸೋತಿತು. ಒಂದೆರಡು ಸಲ ಸೋತವರನ್ನು ಜನ ಮರೆಯುತ್ತಾರೆ, ಹನ್ನೊಂದು ಸಲ ಸೋತವರನ್ನು ಮರೆಯಲಾಗುವುದಿಲ್ಲ. ಕೊನೆಗೆ ಮಂದಿರ ತಂಡವನ್ನು ಬಿಟ್ಟು, 2017ರಲ್ಲಿ ಅದರ ಗಿಟಾರ್ ವಾದಕ ನೈಲ್ ರಾಜರ್ಸ್ ಒಬ್ಬರಿಗೆ ಬೇರೆ ವಿಭಾಗದಲ್ಲಿ ಗೌರವ ಕೊಟ್ಟು ಕೈ ತೊಳೆದುಕೊಂಡಿತು. ಕಿಸ್ ತಂಡ 1999ರಲ್ಲೇ ಅರ್ಹತೆ ಪಡೆದು 2014ರವರೆಗೆ ಕಾಯಿತು. ಆ ಹದಿನೈದು ವರ್ಷ ಅಭಿಮಾನಿಗಳು ಇದ್ದಷ್ಟು ಹುರುಪಿನಲ್ಲಿ ಸೇರಿದ ಮೇಲೆ ಇಲ್ಲ. ಒಳಗಿರುವವರಿಂದ ಮಂದಿರಕ್ಕೆ ಟಿಕೆಟ್ ಹಣ ಬರುತ್ತದೆ, ಹೊರಗಿರುವವರಿಂದ ಮಾತು. ಅರ್ಹರೆಲ್ಲರನ್ನೂ ಒಂದೇ ವರ್ಷ ಸೇರಿಸಿಬಿಟ್ಟರೆ ಮರುವರ್ಷ ಕದ ಹಾಕಬೇಕಾದೀತು.

ಬೇಡವೆಂದವರ ಪ್ರಕರಣ ಚಿಕ್ಕದು. 2006ರಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡ ಮಂದಿರವನ್ನು ಮೂತ್ರದ ಕಲೆಗೆ ಹೋಲಿಸಿ ಕೈಬರಹದ ಪತ್ರ ಕಳಿಸಿತು. ಮಂದಿರದವರು ಸಮಾರಂಭದಲ್ಲಿ ಆ ಪತ್ರವನ್ನು ಓದಿ, ತಂಡವನ್ನು ಸೇರಿಸಿಕೊಂಡರು. ಡಾಲಿ ಪಾರ್ಟನ್ 2022ರಲ್ಲಿ ಸೌಜನ್ಯದಿಂದಲೇ, ತಾವಿನ್ನೂ ಅಷ್ಟು ಸಂಪಾದಿಸಿಲ್ಲ, ಹೆಸರು ತೆಗೆಯಿರಿ ಎಂದರು. ಮತಪತ್ರ ಅಂಚೆಗೆ ಬಿದ್ದಾಗಿದೆ ಎಂಬ ಉತ್ತರ ಬಂತು. ಆ ವರ್ಷವೇ ಸೇರ್ಪಡೆಯೂ ಆಯಿತು. ಮರುವರ್ಷ ಅವರು ರಾಕ್ ಹಾಡುಗಳ ಆಲ್ಬಂ ಒಂದನ್ನು ಹೊರತಂದು ಲೆಕ್ಕ ಚುಕ್ತಾ ಮಾಡಿದರು. ಬಯ್ದರೂ ಬೇಡಿದರೂ ಫಲ ಒಂದೇ.

ಸೇರಿದ ಮೇಲೆ ಶಾಂತಿ ಎಂದುಕೊಂಡವರು ತಂಡಗಳ ಸ್ವಭಾವ ಅರಿಯದವರು. ಹೆಸರು ತಂಡದ್ದು, ಪ್ರಶಸ್ತಿ ವ್ಯಕ್ತಿಗಳದ್ದು. ಯಾರ್ಯಾರು ತಂಡ ಎಂಬಲ್ಲಿ ಹೊಸ ವ್ಯಾಜ್ಯ ಹುಟ್ಟುತ್ತದೆ. ಬ್ಲಾಂಡಿ ತಂಡದ ಹಳೆಯ ಸದಸ್ಯರೊಬ್ಬರು 2006ರಲ್ಲಿ ವೇದಿಕೆಯ ಮೈಕಿನಲ್ಲೇ ತಮ್ಮನ್ನೂ ನುಡಿಸಲು ಬಿಡಿ ಎಂದು ಕೇಳಿಕೊಂಡರು, ಬಿಡಲಿಲ್ಲ. ಪಿತ್ರಾರ್ಜಿತ ಜಮೀನಿನ ಭಾಗ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. 1994ರಲ್ಲಿ ಗ್ರೇಟ್‌ಫುಲ್ ಡೆಡ್ ತಂಡ ಮಾತ್ರ ನಾಜೂಕಾಗಿ ನಡೆದುಕೊಂಡಿತು: ಜೆರ್ರಿ ಗಾರ್ಸಿಯಾ ಬರಲೊಪ್ಪದಿದ್ದಾಗ ಆಳೆತ್ತರದ ಅವನ ರಟ್ಟಿನ ಚಿತ್ರವನ್ನು ಹೊತ್ತು ತಂದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಇತ್ತ ಎರಿಕ್ ಕ್ಲಾಪ್ಟನ್ ಎರಡು ತಂಡಗಳ ಜೊತೆ ಒಂದೊಂದು ಸಲ, ಒಂಟಿಯಾಗಿ ಇನ್ನೊಮ್ಮೆ, ಒಟ್ಟು ಮೂರು ಸಲ ಸೇರಿದ್ದಾರೆ.

ಶಾಸ್ತ್ರಕ್ಕೆ ನಗಲಾಗದ ಅಧ್ಯಾಯವೊಂದಿದೆ. ಮೊದಲ ಹತ್ತು ಮಂದಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಅರೀಥಾ ಫ್ರಾಂಕ್ಲಿನ್ 1987ರಲ್ಲಿ ಮೊದಲಿಗರಾದರು. ಎಲೆಕ್ಟ್ರಿಕ್ ಗಿಟಾರ್ ಹಿಡಿದು ಚರ್ಚಿನ ಹಾಡು ಹಾಡುತ್ತಿದ್ದ ಕರಿಯ ಹೆಣ್ಣುಮಗಳು ಸಿಸ್ಟರ್ ರೊಸೆಟ್ಟಾ ಥಾರ್ಪ್ ಹದಿಹರೆಯದ ಲಿಟಲ್ ರಿಚರ್ಡನನ್ನು 1947ರಲ್ಲಿ ತನ್ನ ವೇದಿಕೆಗೆ ಹತ್ತಿಸಿದ್ದಳು. ಅವನು ಮಂದಿರಕ್ಕೆ ಹೋದದ್ದು 1986ರಲ್ಲಿ, ಅವಳು 2018ರಲ್ಲಿ, ಸತ್ತು 44 ವರ್ಷ ಕಳೆದ ಮೇಲೆ. ಪ್ರತಿಷ್ಠಾನದ ಸ್ಥಾಪಕರಲ್ಲೊಬ್ಬರಾದ ಜಾನ್ ವೆನ್ನರ್ ತಮ್ಮ ಸಂದರ್ಶನ ಪುಸ್ತಕದಲ್ಲಿ ಏಳಕ್ಕೆ ಏಳೂ ಮಂದಿ ಬಿಳಿಯ ಗಂಡಸರೇ ಏಕೆ ಎಂಬ ಪ್ರಶ್ನೆಗೆ 2023ರಲ್ಲಿ ಕೊಟ್ಟ ಉತ್ತರ ಕೇಳಿ ಮಂಡಳಿಯೇ ಅವರನ್ನು ಹೊರಗೆ ಹಾಕಿತು. ಇಂಥ ವಿಷಯಗಳಲ್ಲಿ ಡೆಸಿಬಲ್ ಲೆಕ್ಕ ಕೆಲಸಕ್ಕೆ ಬಾರದು.

ಕಡೆಯ ಪ್ರಶ್ನೆ, ಒಮ್ಮೆ ಸೇರಿದವರನ್ನು ಹೊರಗೆ ಕಳಿಸಬಹುದೇ ಎಂಬುದು. ಸೇರ್ಪಡೆ ಶಾಶ್ವತವೆಂದು ಬಹುಮತ. ಆದರೆ ಅಲನ್ ಫ್ರೀಡ್‌ನ ಉದಾಹರಣೆಯಿದೆ. ಮಂದಿರ ಕ್ಲೀವ್‌ಲ್ಯಾಂಡಿಗೆ ಬರಲು ಕಾರಣನಾದ, 1986ರ ಮೊದಲ ತಂಡದಲ್ಲೇ ಗೌರವ ಪಡೆದ ಅವನ ಚಿತಾಭಸ್ಮವನ್ನು 2002ರಿಂದ ಮಂದಿರದೊಳಗೆ ಇಡಲಾಗಿತ್ತು. 2014ರಲ್ಲಿ ಅದನ್ನು ತೆಗೆದುಕೊಂಡು ಹೋಗುವಂತೆ ಮಂದಿರದವರು ಮನೆಯವರಿಗೆ ಹೇಳಿದರು. ಅದು ಈಗ ಅದೇ ಊರಿನ ಲೇಕ್ ವ್ಯೂ ಸ್ಮಶಾನದಲ್ಲಿ, ಜೂಕ್‌ಬಾಕ್ಸ್ ಆಕಾರದ ಕಲ್ಲಿನ ಕೆಳಗಿದೆ.